ನಮ್ಮ ಅತ್ತೆಯೂ ಸರ್ಕಾರಿ ಮೀನುಗಳೂ

ಮೀನಿಗೆ ಜ್ವರ ಬಂದಿದೆಯೋ ಇಲ್ಲವೋ ಎಂದು ಹಣೆ ಮುಟ್ಟಿ ಹೇಳಬಲ್ಲವರು ಈ ಭೂಮಂಡಲದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಅತ್ತೆ! ಮೀನಿಗೆ ಹಣೆ ಎಲ್ಲಿರುತ್ತದೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಒಮ್ಮೆ ನಾನು ಅವರನ್ನೇ ಕೇಳಿ, "ನರ್ಸಿಂಗ್ ನೀ ಓದೀಯೋ, ನಾ ಓದೀನೋ?" ಎಂದು ಅನ್ನಿಸಿಕೊಂಡಿದ್ದೇನೆ.

ಓದಿದವರು ಅವರೇ. ಸುರಪುರ ತಾಲೂಕಿನ ಹಳ್ಳಿಹಳ್ಳಿಗಳಲ್ಲಿ ಇಡೀ ನೌಕರಿ ನರ್ಸಾಗಿಯೇ ಕಳೆದವರು. ಈಗಲೂ ಕಕ್ಕೇರಾದಲ್ಲಿ ಬಸ್ಸಿಳಿದರೆ ಮೀಸೆ ಹೊತ್ತ ಗಂಡಸರು ಓಡಿಬಂದು ಕಾಲಿಗೆ ಬೀಳುತ್ತಾರೆ. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀ ಕಾಲು ಮುಂದ ಮಾಡಿ ಹುಟ್ಟಿದಾವಲ್ಲೇನೋ?" ಎಂದು ಹತ್ತು ಜನರ ಮುಂದೆ ಮಾನ ತೆಗೆಯುತ್ತಾರೆ. ಇಂಥವರು ನಿವೃತ್ತರಾಗಿ ಶಹಾಪುರದ ನಮ್ಮ ಮನೆಯಲ್ಲಿ ಸುಮ್ಮನೆ ಕೂತಾರೆಯೇ? ರೋಗಿಗಳು ಬೇಕಲ್ಲ! ನಾವ್ಯಾರೂ ಕಾಯಿಲೆ ಬೀಳದೆ ಬೇಸರ ತರಿಸಿದ್ದರಿಂದ ಒಂದು ಅಕ್ವೇರಿಯಂ ತಂದರು.

ಮೊದಲು ಬಂದವು ನಾಲ್ಕು ಗೋಲ್ಡ್ ಫಿಶ್. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವುದೊಂದೇ ಬಾಕಿ! ಅತ್ತೆ ಗಾಜಿನ ಪೆಟ್ಟಿಗೆಯ ಸುತ್ತ ಒದ್ದೆ ಸೀರೆ ಸುತ್ತಿದರು. ಮೀನು ಕಾಣದಂತಾಯಿತು.

"ನೋಡಾಕಂತ ತಂದದ್ದಲ್ಲೇನ್ರಿ ಅತ್ತಿ?" ಎಂದೆ.

"ಜ್ವರ ಬಂದವರನ್ನ ಹಂಗೆಲ್ಲಾ ನೋಡಾಕ ಬರಬಾರದು. ಅವರಿಗೆ ತ್ರಾಸಾಗ್ತದ."

ಕರೆಂಟು ಹೋದರೆ ನೀರಿಗೆ ಗಾಳಿ ಕೊಡುವ ಮೋಟರು ನಿಲ್ಲುತ್ತಿತ್ತು. ಅತ್ತೆ ಅದರ ನಳಿಗೆಗೆ ಸೈಕಲ್ ಪಂಪು ಜೋಡಿಸಿ ಮನೆಮಂದಿಗೆಲ್ಲ ಡ್ಯೂಟಿ ಹಾಕಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಗಂಡ ಬನಿಯನ್ನಿನಲ್ಲಿ ನಿಂತು, ಬೆವರು ಸುರಿಸುತ್ತ ಮೀನಿಗೆ ಗಾಳಿ ಹೊಡೆಯುವುದನ್ನು ಅವರ ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತು ನೋಡಿದರು. ಬಂದ ಕೆಲಸ ಏನೆಂದು ಹೇಳದೆ ಹಾಗೇ ಹಿಂದಕ್ಕೆ ಹೋದರು. ಇಷ್ಟೆಲ್ಲ ಮಾಡಿದರೂ ಮೀನು ಮೇ ತಿಂಗಳು ಕಾಣಲಿಲ್ಲ.

ಆಮೇಲೆ ಎರಡು ಫೈಟರ್ ಮೀನು ಬಂದವು. ಜೊತೆಗಿಡಬೇಡಿ ಎಂದು ಅಂಗಡಿಯವನು ಹೇಳಿಯೇ ಕೊಟ್ಟಿದ್ದ. ಅತ್ತೆ ಕೇಳಬೇಕಲ್ಲ! "ಎಂಥೆಂಥಾ ಅತ್ತಿ-ಸೊಸಿನ ಒಂದ ಖೋಲ್ಯಾಗ ಕುಂದ್ರಿಸಿ ರಾಜಿ ಮಾಡ್ಸೀನಿ, ಇವೇನ್ ಮಹಾ?" ಎಂದು ಒಟ್ಟಿಗೇ ಬಿಟ್ಟರು. ಐದು ನಿಮಿಷದಲ್ಲಿ ಒಂದರ ಬಾಲ ಹರಿಯಿತು. ಕೂಡಲೇ ಅತ್ತೆ ನಡುವೆ ಪರದೆ ಇಳಿಬಿಟ್ಟರು. ಅದು ದಿವಂಗತ ಮಾವನವರ ಹಳೆಯ ಎಕ್ಸ್-ರೇ! ಪಾಪ, ಆ ಎರಡು ಜಟ್ಟಿಗಳು ಬದುಕಿದ್ದಷ್ಟು ದಿನ ಮಾವನವರ ಮೊಣಕಾಲನ್ನೇ ಎದುರಾಳಿ ಎಂದು ತಿಳಿದು ಅದರ ಮೇಲೆ ರೆಕ್ಕೆ ಕೆದರಿಕೊಂಡು ಹೋಗುತ್ತಿದ್ದವು.

ಮರುವರ್ಷ ಬೇಸಿಗೆಗೆ ಮೊದಲೇ ಅವೂ ಹೋಗಿ ಗಾಜಿನ ಪೆಟ್ಟಿಗೆ ಖಾಲಿಯಾಯಿತು. ನನಗೆ ಒಳಗೊಳಗೇ ಖುಷಿ! ಕಿಟಕಿಯ ಬೆಳಕು ಬೀಳುವ ಆ ಮೂಲೆಯ ಮೇಲೆ ನನ್ನ ಕಣ್ಣಿತ್ತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮಷಿನ್ನಿಗೆ ಅದಕ್ಕಿಂತ ಒಳ್ಳೆಯ ಜಾಗವುಂಟೇ? ಗಂಡನ ಕಿವಿಯಲ್ಲಿ ಊದಿದೆ. ಅವರು ಧೈರ್ಯ ತಂದುಕೊಂಡು ತೀರ್ಪು ಕೊಟ್ಟರು: "ಯವ್ವಾ, ಇದೊಂದ್ಸಲ ಏನ್ ಬೇಕಾದ್ದು ತಂದು ಸಾಕು. ಈ ಸಲಾನೂ ಸತ್ವು ಅಂದ್ರ ಪೆಟಗಿ ಮಾರಿಬಿಡೂದು."

ಅಂದಿನಿಂದ ಮನೆಗೆ ಬಂದವರಿಗೆಲ್ಲ ಅತ್ತೆಯದು ಒಂದೇ ಪ್ರಶ್ನೆ: ಮುಂದಿನ ಅಕ್ವೇರಿಯಂ ಎಂಥದ್ದಿರಬೇಕು?

"ಪ್ಲಾಸ್ಟಿಕ್ ಮೀನ ಬಿಡ್ರಿ ಅತ್ತಿ, ಸಾಯಂಗೇ ಇಲ್ಲ," ಎಂದೆ ನಾನು.

"ನಾಳಿಂದ ನಿನಗ ಪ್ಲಾಸ್ಟಿಕ್ ರೊಟ್ಟಿ ಬಡೀತೀನಿ. ಹಳಸಂಗೇ ಇಲ್ಲ."

ಪಕ್ಕದ ಮನೆಯ ಖಾಲಾ ಬಿರಿಯಾನಿಯ ಅಕ್ಕಿ ಆರಿಸುತ್ತ ಗೋಡೆಯಾಚೆಯಿಂದ ಸಲಹೆ ಕೊಟ್ಟರು: "ಬಾಯಾರ, ಸಾಕೂದ ಸಾಕ್ತೀರಿ, ತಿನ್ನಾಕ ಬರೂ ಅಂಥವು ಸಾಕ್ರಿ ನಾ! ಸತ್ರೂ ನುಕ್ಸಾನ್ ಇಲ್ಲ!" ಮೊಟ್ಟೆಯನ್ನೂ ಮುಟ್ಟದ ಅತ್ತೆ ಮೂರು ದಿನ ಆ ಗೋಡೆಯ ಕಡೆ ತಲೆ ಹಾಕಲಿಲ್ಲ. ಸಮುದ್ರದ ಮೀನು ಬಹಳ ಚಂದ ಇರುತ್ತವೆ, ಆದರೆ ಉಪ್ಪು ನೀರು ಬೇಕು ಎಂದು ನನ್ನ ಗಂಡ ಮೊಬೈಲಿನಲ್ಲಿ ತೋರಿಸಿದರು. "ನಮ್ಮ ಬೋರಿನ ನೀರು ಸಾಲಂಗಿಲ್ಲೇನು?" ಎಂದರು ಅತ್ತೆ.

ಕೊನೆಗೆ ನನ್ನನ್ನೂ ಎಳೆದುಕೊಂಡು ಯಾದಗಿರಿಯ ಮೀನಿನ ಅಂಗಡಿಗೇ ಹೋದರು. ಅಲ್ಲಿ ಒಂದೊಂದು ತೊಟ್ಟಿಯ ಮುಂದೆ ನಿಂತು ವಿಚಾರಣೆ ಶುರು. "ಇದು ಬಿಸಿಲು ತಡೀತದೇನು? ನೀರು ಬದಲಾದ್ರ ಹೊಟ್ಟಿ ಕೆಡ್ತದೇನು? ಇದರ ಮನಿತನದಾಗ ಯಾರಿಗರ ಏನರ ಜಡ್ಡು ಇತ್ತೇನು? ಸ್ವಭಾವ ಹ್ಯಾಂಗ? ಸಿಟ್ಟಿನದೇನು?"

ಒಂದು ತಾಸು ತಾಳಿಕೊಂಡ ಅಂಗಡಿಯವನು ಕೈಮುಗಿದು ಕೇಳಿದ: "ಬಾಯಾರ, ನಿಮಗ ಮೀನ ಬೇಕೋ, ಅಳಿಯಾ ಬೇಕೋ?"

ಬರಿಗೈಯಲ್ಲಿ ಬಂದೆವು. ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ, "ಎಲ್ಲಾ ಚಂದ ಅದಾವ. ಆದ್ರ ನನ್ನ ಕೈಯಾಗ ಇನ್ನೊಂದು ಜೀವ ಹೋಗಬಾರದು," ಎಂದರು. ನಾನು ಮಷಿನ್ನನ್ನು ಅಡ್ಡಡ್ಡ ಇಡಬೇಕೋ ಉದ್ದುದ್ದ ಇಡಬೇಕೋ ಎಂದು ಯೋಚಿಸುತ್ತಿದ್ದೆ.

ಮುಂದಿನ ವಾರ ದೇವಾಪುರದಲ್ಲಿ ಒಂದು ಮದುವೆ. ಊಟ ಮುಗಿಸಿ ಅತ್ತೆ ತಾವು ಹಿಂದೆ ಕೆಲಸ ಮಾಡಿದ್ದ ಆಸ್ಪತ್ರೆ ನೋಡಿ ಬರುತ್ತೇನೆಂದು ಹೊರಟರು, ಹಿಂದೆ ನಾನು. ಅಲ್ಲಿಯ ಹಿತ್ತಲಲ್ಲಿ ಒಂದು ಸಿಮೆಂಟಿನ ತೊಟ್ಟಿ. ಬಟಾಬಯಲು, ಸುಡುವ ಬಿಸಿಲು, ಪಾಚಿ ಕಟ್ಟಿದ ನೀರು. ಅದರೊಳಗೆ ಬೆರಳಿನ ಉಗುರಿನಷ್ಟು ಉದ್ದದ ಮೀನುಗಳು ಹಬ್ಬಕ್ಕೆ ಬಂದವರ ಹಾಗೆ ಓಡಾಡುತ್ತಿದ್ದವು. ಸೊಳ್ಳೆಮರಿ ತಿನ್ನಲಿ ಎಂದು ಸರ್ಕಾರ ಸಾಕುವ ಗಪ್ಪಿ ಮೀನು! ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯ ನನ್ನವ್ವ! ಇವು ನಮ್ಮ ಇಲಾಖೆಯವು!"

ಅವರೇ ಒಂದು ಕಾಲದಲ್ಲಿ ಊರೂರಿನ ಬಾವಿಗೆ ಇವನ್ನು ಬಿಡುತ್ತ ತಿರುಗಿದ್ದರಂತೆ. ಈಗಿನ ನರ್ಸಮ್ಮ ನಗುತ್ತ ಹತ್ತು-ಹನ್ನೆರಡನ್ನು ಹಿಡಿದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ಬಸ್ಸಿನಲ್ಲಿ ಡಬ್ಬಿಯ ನೀರು ತುಳುಕಿ ಕಂಡಕ್ಟರನ ಬೂಟಿನ ಮೇಲೆ ಬಿತ್ತು.

"ಡಬ್ಬ್ಯಾಗ ಏನದ ರೀ ಅಮ್ಮಾ?"

"ಸರ್ಕಾರಿ ನೌಕರರು!"

ಅವನು ಬಗ್ಗಿ ನೋಡಿದ. ಮುಖ ಗಂಭೀರ ಮಾಡಿಕೊಂಡು, "ಹೆಣ್ಣಿದ್ರ ಫ್ರೀ. ಗಂಡಿದ್ರ ಟಿಕೆಟ್ ತಗೋಬೇಕ್ರಿ," ಎಂದ. ಅತ್ತೆ ಶಹಾಪುರ ಬರುವ ತನಕ ಯಾವುದು ಹೆಣ್ಣು, ಯಾವುದು ಗಂಡು ಎಂದು ಅವನಿಗೆ ಪಾಠ ಮಾಡಿದರು. ಒಂದಿಬ್ಬರು ಇಳಿಯುವ ಸ್ಟಾಪ್ ಮರೆತು ಕೇಳಿದರು!

ನನ್ನ ಮಷಿನ್ನು ಅಡುಗೆಮನೆಯ ಬಾಗಿಲ ಬಳಿಯೇ ಉಳಿಯಿತು. ಗಪ್ಪಿಗಳು ಏಪ್ರಿಲ್ ದಾಟಿದವು, ಮೇ ದಾಟಿದವು. ಒದ್ದೆ ಸೀರೆ ಬೇಡ, ಸೈಕಲ್ ಪಂಪು ಬೇಡ. ಕಾಯಿಲೆಯನ್ನೇ ಬೀಳದ ಈ ರೋಗಿಗಳ ಮೇಲೆ ಅತ್ತೆಗೆ ಸ್ವಲ್ಪ ಬೇಸರವೇ ಬಂದಿತ್ತೇನೋ. ಅಷ್ಟರಲ್ಲಿ ಒಂದರ ಹೊಟ್ಟೆ ಉಬ್ಬಿತು.

ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹಾಕಿದ ಮರಿಯನ್ನು ತಿಂದುಬಿಡುವ ಕೆಟ್ಟ ಚಟವೂ ಅದಕ್ಕಿದೆ. ಅತ್ತೆ ಆ ಬಸುರಿಯನ್ನು ಗಾಜಿನ ಬೋಗುಣಿಗೆ ಬದಲಿಸಿ, ಪಡಸಾಲೆಯಲ್ಲಿ ನೆಲದ ಮೇಲಿಟ್ಟುಕೊಂಡು ಕೂತರು. ಮಧ್ಯಾಹ್ನ ಚಹಾ ಮಾಡಲು ಹೋದರೆ ನನ್ನ ಸೋಸಣಿಗೆ ಮಾಯ! ಮರಿ ಎತ್ತಲು ಅತ್ತೆಯೇ ಒಯ್ದಿದ್ದಾರೆಂದು ತಿಳಿದು, ಇವತ್ತು ಒಂದು ಮಾತು ಹೇಳಿಯೇ ಬಿಡಬೇಕೆಂದು ಪಡಸಾಲೆಗೆ ಬಂದೆ.

ಅತ್ತೆ ಬೋಗುಣಿಯ ಮೇಲೆ ಬಗ್ಗಿ ಪಿಸುಗುಡುತ್ತಿದ್ದರು. "ಆತವ್ವ, ಆತು... ಇನ್ನೊಂದೀಟು ತಡಕೋ... ನಾ ಇಲ್ಲೇ ಅದೀನಿ, ಎಲ್ಲಿಗೂ ಹೋಗಂಗಿಲ್ಲ..."

ಅಲ್ಲೇ ನಿಂತುಬಿಟ್ಟೆ. ಸುರಪುರದ ಆಸ್ಪತ್ರೆಯಲ್ಲಿ, ನನ್ನ ಮಗಳು ಹುಟ್ಟಿದ ದಿನ, ನನ್ನವ್ವ ಬರುವ ಬಸ್ಸು ಇನ್ನೂ ದಾರಿಯಲ್ಲಿದ್ದಾಗ, ನನ್ನ ತಲೆ ಸವರುತ್ತ ಅತ್ತೆ ಹೇಳಿದ್ದು ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಮಾತು ನನ್ನೊಬ್ಬಳಿಗೇ ಎಂದು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಮೀನಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಸೊಸೆ ಇಡೀ ಶಹಾಪುರದಲ್ಲಿ ನಾನೊಬ್ಬಳೇ ಇರಬೇಕು!

ಪಕ್ಕದಲ್ಲಿ ಕೂತೆ. ಕಣ್ಣುರೆಪ್ಪೆಯಷ್ಟು ಸಣ್ಣ ಮರಿಯೊಂದು ನೀರಿಗೆ ಬಿದ್ದು, ಒಂದು ಕ್ಷಣ ಮುಳುಗಿ, ಮೇಲೆದ್ದು ಈಜತೊಡಗಿತು. ಅತ್ತೆ ಅದನ್ನು ಸೋಸಣಿಗೆಯಲ್ಲಿ ಎತ್ತಿ ಬೇರೆ ಬಟ್ಟಲಿಗೆ ಬಿಟ್ಟರು.

"ನನಗೂ ಹಿಂಗ ಅಂದಿದ್ರಿ, ಅತ್ತಿ."

"ಎಲ್ಲಾರಿಗೂ ಹಂಗ ಅಂತಿದ್ದೆ," ಎಂದರು, ನೀರಿನ ಮೇಲಿನ ಕಣ್ಣು ತೆಗೆಯದೆ. ಇನ್ನೊಂದು ಮರಿಯನ್ನು ಎತ್ತಿ ಬಟ್ಟಲಿಗೆ ಬಿಡುತ್ತ ಹೇಳಿದರು: "ನಿನ್ನ ಮುಂದ ಅನ್ನಾಗ ಮಾತ್ರ ನನ್ನ ಕೈ ನಡುಗ್ತಿತ್ತು."