ಪಿಲಿಪೊ ಎತ್ತಿದ ಕಲ್ಲು

"ಇಳಿಸ್ಬೇಡ! ಎತ್ತಿದ ಕಲ್ಲನ್ನ ನೆಲಕ್ಕಿಳಿಸಿದ್ರೆ ಕಾಲು ಮುರೀತೀನಿ!"

ಗೋಡೆ ಕಟ್ಟುವವರ ಹಿರಿಯ ಕಹೇಲೆ ಕೂಗಿದ ರಭಸಕ್ಕೆ ಮೀನುಕೊಳದ ಕೊಕ್ಕರೆಗಳು ಹಾರಿಹೋದವು. ಪಿಲಿಪೊ ಎದೆಗವಚಿಕೊಂಡಿದ್ದ ಕಲ್ಲು ಗಬ್ಬದ ಹಂದಿಯಂತಿತ್ತು.

"ಭಾರ ಎಷ್ಟಿದೆ ಅಂತ ಎತ್ತಿದ್ದು, ಮಾವ..."

"ಎತ್ತಿದ ಮೇಲೆ ಅದಕ್ಕೊಂದು ಜಾಗ ಹುಡುಕು. ನಮ್ಮಜ್ಜಂದಿರು ಹಂಗೇ ಕಟ್ಟಿದ್ದು."

ಆ ಕೊಳದ ತೂಬು ಕಾಯಲು ಮುದುಕ ಕಹೇಲೆ ಇವತ್ತು ಒಬ್ಬರನ್ನು ಆರಿಸುವವನಿದ್ದ. ಪಿಲಿಪೊನ ಅಜ್ಜ, ಮುತ್ತಜ್ಜ ಕಾಯ್ದ ತೂಬು ಅದು. ಎಂಟು ವರ್ಷದಿಂದ ಅವನಿಗೆ ಅದೊಂದೇ ಆಸೆ. ಶಕ್ತಿ ತೋರಿಸಲು ಹೋಗಿ ರಾಶಿಯಲ್ಲಿದ್ದ ದೊಡ್ಡ ಕಲ್ಲಿಗೇ ಕೈಹಾಕಿದ್ದ, ದಡ್ಡ!

ಕೊಳಕ್ಕೂ ಕಡಲಿಗೂ ನಡುವಿನ ಗೋಡೆಯೆಂದರೆ ಅಂಥಿಂಥ ಗೋಡೆಯಲ್ಲ. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿಗೆ ಕಲ್ಲೇ ಆಸರೆ. ಕಡಲು ಬಂದು ಗುದ್ದಿದರೆ ತಿರುಗಿ ಗುದ್ದುವುದಿಲ್ಲ. ಸಂದುಗಳಲ್ಲಿ ಅಲೆಯನ್ನು ನುಂಗಿ ಸುಮ್ಮನಾಗಿಸುತ್ತದೆ. ಅಷ್ಟು ತಾಳ್ಮೆಯ ಮನುಷ್ಯ ದ್ವೀಪದ ಈ ಕೋನಾ ಕರಾವಳಿಯಲ್ಲಿ ಒಬ್ಬನೂ ಇಲ್ಲ. ತೂಬಿನ ಮರದ ಸರಳುಗಳ ನಡುವೆ ಮರಿಮೀನು ಒಳಗೆ ನುಸುಳುತ್ತದೆ. ತಿಂದು ಕೊಬ್ಬಿದ ಮೇಲೆ, ಮಾವನ ಮನೆ ಸೇರಿದ ಅಳಿಯನಂತೆ, ಹೊರಗೆ ಹೋಗಲಾರದು.

ಪಿಲಿಪೊ ಕಲ್ಲು ಹೊತ್ತು ಗೋಡೆಯುದ್ದಕ್ಕೂ ನಡೆದ. ಒಂದು ಸಂದು ಕಿರಿದು, ಇನ್ನೊಂದು ಹಿರಿದು. ತೂಬಿನ ಮೇಲೆ ಕೂತು ಕೆಸವಿನ ಗಂಜಿ ನೆಕ್ಕುತ್ತಿದ್ದ ನೆರೆಮನೆಯ ಹೀನಾ ಅತ್ತೆ ಒಂದೇ ಸಮನೆ ಕೂಗಿದಳು.

"ಎಡಕ್ಕೆ ತಿರುಗ್ಸೋ! ಅಯ್ಯೋ, ಅಡ್ಡ ಬರ್ತಿರೋದು ಕಲ್ಲಲ್ಲ ಕಣೋ, ನಿನ್ನ ಹೊಟ್ಟೆ!"

"ಬಾಯ್ಮುಚ್ಕೊಂಡು ಗಂಜಿ ಕುಡಿ, ಅತ್ತೆ!"

ಕೊಳದ ಸುತ್ತಲಿನ ಉದ್ಯಾನ ನೋಡಲು ಬಂದಿದ್ದ ಪ್ರವಾಸಿ ಹೆಂಗಸೊಬ್ಬಳು, ಇದು ಯಾವ ಕುಣಿತವೆಂದು ಕೇಳಿ ಫೋಟೋ ತೆಗೆದಳು.

ಹೊತ್ತು ಇಳಿಯುವಾಗ ಕೊನೆಯ ಸಂದಿನಲ್ಲಿ ಕಲ್ಲು 'ಟಕ್' ಎಂದು ಕೂತಿತು. ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ! ಕಹೇಲೆ ಅಂಗೈಯಿಂದ ಸವರಿದ. ಮುದುಕನ ಕಣ್ಣು ತುಂಬಿತು.

"ಐವತ್ತು ವರ್ಷದಲ್ಲಿ ಇಂಥಾ ಕೂಡಿಕೆ ನಾ ನೋಡಿಲ್ಲ, ಮಗಾ."

ಪಿಲಿಪೊ ಹಿಗ್ಗಿದ. "ಹಂಗಾದ್ರೆ ತೂಬು ನಂದೇ ಅಲ್ವಾ, ಮಾವ?"

"ತೂಬಾ? ಅದು ಹೀನಾಗೆ. ನಿನ್ನ ಬೈತಾ ಬೈತಾನೇ ಕಡಲಿನ ಏರಿಳಿತ ಎರಡೂ ನೋಡ್ಕೊಂಡ್ಲು, ಸರಳಿಗೆ ಸಿಕ್ಕಿದ ಪಾಚಿ ತೆಗೆದ್ಲು. ತೂಬಿಗೆ ಕೂರೋರು ಬೇಕು. ನಿನ್ನಂಥ ಕಲ್ಲು ಕೂಡಿಸೋ ಕೈನ ಸುಮ್ನೆ ಕೂರಿಸಿದ್ರೆ ಹಿರಿಯರು ನನ್ನ ಬಿಡ್ತಾರಾ? ಆಚೆ ಮುನ್ನೂರು ಅಡಿ ಗೋಡೆ ಕುಸಿದಿದೆ. ನಾಳೆ ಬೆಳಿಗ್ಗೆನೇ ಬಂದ್ಬಿಡು!"

"ಹೊಟ್ಟೆನಾದ್ರೂ ಕರಗುತ್ತೆ ಬಿಡೋ," ಎಂದಳು ಹೀನಾ ಅತ್ತೆ.

ಪಿಲಿಪೊ ಮರಳಿನ ಮೇಲೆ ದುಡುದುಡು ನಡೆದೇಬಿಟ್ಟ. ಎಲ್ಲರೂ ಕರೆದರು, ತಿರುಗಲಿಲ್ಲ. ಬಗ್ಗಿದ ತೋಳುಗಳು ಮಾತ್ರ ನೆಟ್ಟಗಾಗದೆ, ಕಾಣದ ಕಲ್ಲೊಂದನ್ನು ಅಪ್ಪಿಕೊಂಡಂತೆಯೇ ಇದ್ದವು.