ಎರಡನೇ ತಿರುವಿನಲ್ಲಿ ನಿಲ್ಲುವ ಕೆಂಪು ಕಾರು

ತೂಕ ಮತ್ತು ಅಳತೆ ಕಚೇರಿಯ ಕೆಂಪು ಕಾರು ಎರಡನೇ ತಿರುವಿನಲ್ಲಿ ನಿಂತು ನಿಂತು ಓಡುತ್ತಿದೆ ಎಂಬ ಅಂಶ ಮೇಲಧಿಕಾರಿಗಳ ಗಮನಕ್ಕೆ ಬಂದಿದೆ. ಅದು ರಸ್ತೆಯ ಕಾರಲ್ಲ, ಕಚೇರಿಯ ಹಳೇ ಕಂಪ್ಯೂಟರಿನೊಳಗಿನ ಆಟದ ಕಾರು. ಆದರೂ ಇಡೀ ಸಿಬ್ಬಂದಿಯ ಮಧ್ಯಾಹ್ನದ ಊಟ ಅದರ ಮೇಲೆಯೇ ನಿಂತಿತ್ತು.

ಮೂರನೇ ಮಹಡಿಯಲ್ಲಿ ಎದುರುಬದುರು ಎರಡು ಕಚೇರಿ, ಒಂದು ತೂಕದ್ದು, ಒಂದು ಬೀದಿದೀಪದ್ದು. ಊಟದ ಕೋಣೆ ಮಾತ್ರ ಒಂದೇ. ಅದು ಯಾರದು ಎಂದು ಬಾಯಲ್ಲಿ ಜಗಳವಾಗಿ, ಕಾಗದದಲ್ಲಿ ಜಗಳವಾಗಿ, ಕೊನೆಗೆ ಎಲ್ಲರೂ ಸುಸ್ತಾಗಿ ಒಂದು ನಿಯಮ ಮಾಡಿಕೊಂಡರು. ವರ್ಷಕ್ಕೊಮ್ಮೆ ಕಾರಿನ ಪಂದ್ಯ. ಅವರವರು ಅವರವರ ಕಂಪ್ಯೂಟರಿನಲ್ಲೇ ಆಡಬೇಕು. ಗೆದ್ದವರಿಗೆ ಕೋಣೆ, ಸೋತವರಿಗೆ ಮೆಟ್ಟಿಲು.

ಹೋದ ವರ್ಷ ತೂಕದವರ ಪರವಾಗಿ ಆಡಿ ಸೋತವರು ಹೆಡ್‌ಗುಮಾಸ್ತರು. ಅಂದಿನಿಂದ ಡಬ್ಬಿಯನ್ನು ಮಂಡಿಯ ಮೇಲಿಟ್ಟುಕೊಂಡು ಮೆಟ್ಟಿಲಲ್ಲಿ ಕೂತಾಗಲೆಲ್ಲ ಹತ್ತುವವರು, ಇಳಿಯುವವರು, “ಸ್ವಲ್ಪ ಜಾಗ ಬಿಡಿ” ಅನ್ನುವರು. ಪಕ್ಕದಲ್ಲಿ ಕೂತ ಜವಾನ ಪ್ರತಿ ಸಲ ಅವರ ಮುಖ ನೋಡಿ ನಿಟ್ಟುಸಿರು ಬಿಡುವನು. ಈ ಸಲ ಸೋತರೆ ವರ್ಗಾವಣೆ ಕೇಳುವುದೊಂದೇ ದಾರಿ ಎಂದುಕೊಂಡು ಅವರು ಕಂಪ್ಯೂಟರ್ ಗೇಮಿನ ಅಂಗಡಿ ಇಟ್ಟಿದ್ದ ತಮ್ಮ ಬಾಮೈದನನ್ನು ಕರೆಸಿದರು.

ಬಾಮೈದ ಒಂದು ಸುತ್ತು ಆಡಿ ನೋಡಿದ. “ಇದೇನ್ ಮಹಾ, ಭಾವ. ನಿಮ್ಮ ಪ್ರೊಸೆಸರ್ ಮುದುಕ, ನೂರಕ್ಕೆ ನೂರು ದುಡಿದು ಏದುಸಿರು ಬಿಡ್ತಿದೆ. ಚಿತ್ರ ಬಿಡಿಸೋ ಗ್ರಾಫಿಕ್ಸ್ ಕಾರ್ಡು ಹೊಸದು, ಆ ಮುದುಕ ಯಾವಾಗ ಕೆಲಸ ಕೊಡ್ತಾನೋ ಅಂತ ಕೈಕಟ್ಟಿ ಕೂತಿದೆ. ಮೆಮೊರಿ ತುಂಬಿ ತುಳುಕ್ತಿದೆ. ಒಳಗೆ ಧೂಳು. ಅರ್ಧ ದಿನದ ಕೆಲಸ.”

“ಹಾಗಾದ್ರೆ ಮುಚ್ಚಳ ತೆಗೀ.”

ತೆಗೆಯಲು ಬರುವಂತಿರಲಿಲ್ಲ. ಆ ಕಂಪ್ಯೂಟರಿನ ಡಬ್ಬ ಉಗ್ರಾಣದ್ದು, ಪ್ರೊಸೆಸರ್ ಲೆಕ್ಕಪತ್ರದವರದು, ಮೆಮೊರಿ ಟಪಾಲಿನವರದು, ಗ್ರಾಫಿಕ್ಸ್ ಕಾರ್ಡು ಪ್ರಚಾರ ವಿಭಾಗದ್ದು. ಎಲ್ಲರೂ ಒಪ್ಪದೆ ಸ್ಕ್ರೂ ತಿರುಗಿಸಿದರೆ ಅದು ಅತಿಕ್ರಮ ಪ್ರವೇಶ. ಆದ್ದರಿಂದ ಅಡಚಣೆ ಶೋಧನಾ ಸಮಿತಿಯನ್ನು ರಚಿಸಿ ಆದೇಶ ಹೊರಬಿತ್ತು. ಅಧ್ಯಕ್ಷತೆ ಲೆಕ್ಕಪತ್ರದ ಮೇಡಂ ಅವರದು.

ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ ಎಂದು ಕೇಳಿ ಮೇಡಂ ಕಣ್ಣು ತುಂಬಿ ಬಂತು. “ಈ ಕಚೇರೀಲಿ ಹಾಗೆ ದುಡಿಯೋರು ಇನ್ಯಾರಿದ್ದಾರೆ ತೋರ್ಸಿ. ಅದನ್ನ ಬದಲಾಯಿಸ್ಬೇಕಂತೆ.”

ಪ್ರೊಸೆಸರಿಗೆ ಪ್ರಶಂಸಾ ಪತ್ರ ಕೊಡಲಾಯಿತು. ಮೆಮೊರಿಯಲ್ಲಿ ಒಂದು ಸೀಟೂ ಖಾಲಿಯಿಲ್ಲವೆಂದು ಟಪಾಲಿನವರು ಬೀಗಿದರು. ಗ್ರಾಫಿಕ್ಸ್ ಕಾರ್ಡು ಕರ್ತವ್ಯದ ವೇಳೆಯಲ್ಲಿ ಸುಮ್ಮನೆ ಕುಳಿತಿದ್ದೇಕೆಂದು ಕಾರಣ ಕೇಳುವ ನೋಟಿಸನ್ನು ಡಬ್ಬದ ಮೇಲೆ ಅಂಟಿಸಲಾಯಿತು.

ಪ್ರಚಾರ ವಿಭಾಗದ ಅಧಿಕಾರಿ ಬೇಸರ ಮಾಡಿಕೊಂಡರು. “ಕೆಲಸ ಕೊಡದೆ ಕೂರಿಸಿದ್ರೆ ಅದೇನು ಮಾಡುತ್ತೆ ಮೇಡಂ? ನನ್ನನ್ನೂ ಹಾಗೇ ಕೂರಿಸಿದ್ದೀರಿ. ನಾನೇನಾದ್ರೂ ಅಂದ್ನಾ?”

ಒಂದು ವಿಭಾಗದ ಅಳತೆಯನ್ನು ಇನ್ನೊಂದು ನಂಬುವಂತಿಲ್ಲವಾದ್ದರಿಂದ ಪ್ರತಿ ವಿಭಾಗವೂ ತನ್ನದೊಂದು ತಪಾಸಣಾ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕಿಸಿತು. ಪರದೆಯ ತುಂಬ ಗಡಿಯಾರದ ಮುಳ್ಳಿನಂಥ ಅಳತೆಯ ಮುಳ್ಳುಗಳು ಕುಣಿಯತೊಡಗಿದವು. ಎರಡನೇ ತಿರುವಿನಲ್ಲಿ ನಿಲ್ಲುತ್ತಿದ್ದ ಕಾರು ಈಗ ಹೊರಟ ಜಾಗದಲ್ಲೇ ನಿಂತಿತು.

“ಈ ಮುಳ್ಳುಗಳೇ ಈಗ ಅಡಚಣೆ ಮೇಡಂ. ಅಳೆಯೋಕೇ ಪ್ರೊಸೆಸರಿನ ಶಕ್ತಿಯೆಲ್ಲ ಹೋಗ್ತಿದೆ” ಎಂದ ಬಾಮೈದ.

ಮೇಡಂ ಕನ್ನಡಕ ತೆಗೆದರು. “ತೂಕ ಮತ್ತು ಅಳತೆ ಕಚೇರೀಲಿ ಕೂತು, ಅಳೆಯೋದೇ ತಪ್ಪು ಅಂತೀರಾ?”

ಇಂಥ ತಿಳುವಳಿಕೆಯವನನ್ನು ಹೊರಗೆ ಬಿಟ್ಟರೆ ಅಪಾಯವೆಂದು ಅವನನ್ನು ವಿಶೇಷ ತಾಂತ್ರಿಕ ಸಲಹೆಗಾರನಾಗಿ ನೇಮಿಸಲಾಯಿತು. ದಿನಭತ್ಯೆ, ಮೆತ್ತೆಯ ಕುರ್ಚಿ, ಹೊತ್ತುಹೊತ್ತಿಗೆ ಚಹಾ. ಮರುದಿನ ಅವನು ಚಹಾ ಹೀರುತ್ತ, “ಅಡಚಣೆ ತುಂಬ ಆಳದಲ್ಲಿದೆ ಭಾವ. ಆತುರಪಟ್ರೆ ಕೆಡುತ್ತೆ” ಎಂದ.

“ನಿನ್ನೆ ಅರ್ಧ ದಿನದ ಕೆಲಸ ಅಂದ್ಯಲ್ಲೋ!”

“ನಿನ್ನೆ ನಾನು ಹೊರಗಿನವನು ಭಾವ.”

ಪಂದ್ಯದ ಹಿಂದಿನ ದಿನ ಸಮಿತಿ ಮೂಲಕಾರಣವನ್ನು ಪತ್ತೆಹಚ್ಚಿತು. ಆಟ ಹಾಕಿದಾಗ ಮಾತ್ರ ಮುಳ್ಳುಗಳು ಏರುತ್ತಿದ್ದವು. ಕೂಡಲೇ ಆಟವನ್ನು ಕಂಪ್ಯೂಟರಿನಿಂದ ತೆಗೆದುಹಾಕಲಾಯಿತು. ಮುಳ್ಳುಗಳೆಲ್ಲ ಉಂಡು ಮಲಗಿದ ಮಕ್ಕಳಂತೆ ಶಾಂತವಾದವು. ಅಡಚಣೆ ನಿವಾರಣೆಯಾಗಿದೆ ಎಂದು ಘೋಷಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್‌ಗುಮಾಸ್ತರೂ ತಟ್ಟಿದರು. ಆಮೇಲೆ ಅವರಿಗೆ ಪಂದ್ಯದ ನೆನಪಾಯಿತು.

ಮರುದಿನ ಬೀದಿದೀಪದವರ ಹಸಿರು ಕಾರು ಮೂರು ಕಡೆ ಗೋಡೆಗೆ ಗುದ್ದಿ, ಎರಡು ಸಲ ನಿಂತು, ಹೇಗೋ ಗುರಿ ಮುಟ್ಟಿತು. ಹೆಡ್‌ಗುಮಾಸ್ತರು ಮುಳ್ಳುಗಳ ಮುಂದೆ ಕೈಕಟ್ಟಿ ಕೂತಿದ್ದರು. ಹಸಿರು ಕಾರನ್ನು ಓಡಿಸಿದ್ದ ಎದುರು ಕಚೇರಿಯ ಚಾಲಕ ಬಂದು, “ಎಲ್ಲಿ ನಿಮ್ಮ ಕಾರು?” ಎಂದ.

ಮೆಟ್ಟಿಲು, ಡಬ್ಬಿ, ಜವಾನನ ನಿಟ್ಟುಸಿರು ಎಲ್ಲ ಅವರ ಕಣ್ಣಮುಂದೆ ಬಂತು. ಪರದೆಯತ್ತ ಕೈ ತೋರಿಸಿ ಹೇಳಿದರು, “ನಿಮ್ಮದು ಎರಡು ಸಲ ನಿಂತಿತು. ನಮ್ಮದು ಒಂದು ಸಲವೂ ನಿಂತಿಲ್ಲ. ಬೇಕಿದ್ರೆ ಮುಳ್ಳು ನೋಡ್ಕೊಳ್ಳಿ.”

ಅವನು ಬಗ್ಗಿ ನೋಡಿದ. ನಿಂತ ಗುರುತು ಎಲ್ಲೂ ಇರಲಿಲ್ಲ. ವಾದದಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲ. ಫಲಿತಾಂಶ ನಿರ್ಣಯಕ್ಕೆ ಎರಡೂ ಕಚೇರಿಗಳ ಜಂಟಿ ಸಮಿತಿ ರಚನೆಯಾಯಿತು. ಸಲಹೆಗಾರ ಅದೇ ಬಾಮೈದ. ಸಮಿತಿಗೆ ಕೂರಲು ಜಾಗ ಬೇಕಲ್ಲ. ಖಾಲಿ ಇದ್ದದ್ದು ಊಟದ ಕೋಣೆಯೊಂದೇ. ನಿರ್ಣಯ ಬರುವವರೆಗೆ ಅದನ್ನೇ ಕೊಡಲಾಯಿತು. ನಿರ್ಣಯ ಬರುವ ಸೂಚನೆಯಿಲ್ಲ.

ಈಗ ಮಧ್ಯಾಹ್ನ ಎರಡೂ ಕಚೇರಿಯವರು ಮೆಟ್ಟಿಲಲ್ಲಿ ಒತ್ತೊತ್ತಾಗಿ ಕೂರುತ್ತಾರೆ. ಹೆಡ್‌ಗುಮಾಸ್ತರ ಡಬ್ಬಿಯಿಂದ ಎದುರು ಕಚೇರಿಯ ಚಾಲಕ ಪಲ್ಯ ತೆಗೆದುಕೊಳ್ಳುತ್ತಾನೆ, ಅವನ ಡಬ್ಬಿಯಿಂದ ಇವರು. ಜವಾನ ನಿಟ್ಟುಸಿರು ಬಿಡುವುದನ್ನು ಬಿಟ್ಟಿದ್ದಾನೆ.

“ಸ್ವಲ್ಪ ಜಾಗ ಬಿಡಿ ಭಾವ” ಎನ್ನುತ್ತ ಬಾಮೈದ ತನ್ನ ಡಬ್ಬಿ ಹಿಡಿದು ಕೋಣೆಯತ್ತ ಹತ್ತಿ ಹೋಗುತ್ತಾನೆ. ಎಲ್ಲರೂ ಗೌರವದಿಂದ ಮಂಡಿ ಸರಿಸುತ್ತಾರೆ.

“ಮೆಟ್ಟಿಲಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಲ್ವಾ?” ಎಂದರು ಹೆಡ್‌ಗುಮಾಸ್ತರು.

“ಒಂದಿಷ್ಟೂ ಅಡಚಣೆ ಇಲ್ಲ” ಎಂದ ಚಾಲಕ.