ಗಂಟಲಿಗೆ ಬೆಳಕು ಬಿಡುವ ಯಂತ್ರದ ಮೇಲೊಂದು ದೂರು

ಮಾನ್ಯ ಕೆಂಪು ದೀಪದವರೇ,

ಸಾಂತೋಸ್ ಬಂದರಿನ ಕಾಫಿ ರುಚಿಗಾರನಾದ ನಾನು ತಮಗೆ ತಲೆಬಾಗಿ ವಂದಿಸಬೇಕಿತ್ತು. ಆದರೆ ತಮ್ಮೆದುರು ಕತ್ತು ಮೇಲೆತ್ತಿ ಕೂತೇ ಅಭ್ಯಾಸವಾದ್ದರಿಂದ ಹಾಗೆಯೇ ವಂದಿಸುತ್ತೇನೆ, ಮನ್ನಿಸಬೇಕು.

ವೈರಸ್ ಜ್ವರದಲ್ಲಿ ವಾರಗಟ್ಟಲೆ ಕೊಳವೆಯಿಂದ ಉಸಿರಾಡಿ ಬದುಕಿ ಬಂದ ಮೇಲೆ ನನ್ನ ಗಂಟಲು ನುಂಗುವುದನ್ನು ಮರೆತಿತ್ತು. ನೀರು ಕೂಡ ದಾರಿ ತಪ್ಪಿ ಶ್ವಾಸಕೋಶದತ್ತ ಹೊರಡುತ್ತಿದ್ದುದರಿಂದ, ಕುಡಿಯುವುದಕ್ಕೆಲ್ಲ ಪುಡಿ ಬೆರೆಸಿ, ಗಂಜಿಯಂತೆ ಮಂದ ಮಾಡಿ, ಚಮಚದಲ್ಲಿ ತಿನ್ನುತ್ತಿದ್ದೆ. “ನಿಂಗೇನಪ್ಪಾ ಚಿಂತೆ, ನೀನು ಉಗುಳೋಕೇ ಸಂಬಳ ತಗೊಳ್ಳೋನು,” ಎಂದು ಕಚೇರಿಯ ಗೆಳೆಯರು ಸಮಾಧಾನ ಹೇಳಿದರು. ಕಾಫಿಯನ್ನು ಸೊರ್ರೆಂದು ಹೀರಿ ಉಗುಳುವುದೇ ನಮ್ಮ ವೃತ್ತಿಯಾದರೂ, ಹೀರುವುದು ಕೂಡ ನನಗೆ ನಿಷಿದ್ಧವಾಗಿತ್ತು.

ಅದಕ್ಕಿಂತ ದೊಡ್ಡ ಕಷ್ಟ ಮನೆಯಲ್ಲಿತ್ತು. ನನಗೆ ಆಸೆಯಾಗಬಾರದೆಂದು ಹೆಂಡತಿ ಇರಾಸೆಮಾ ಕಾಫಿ ಮಾಡುವುದನ್ನೇ ಬಿಟ್ಟಳು. ಪಕ್ಕದ ಮನೆಯಲ್ಲಿ ಕುಡಿದು, ಬಾಯಿ ಮುಕ್ಕಳಿಸಿ, ಏನೂ ಆಗದವಳಂತೆ ಬರುತ್ತಿದ್ದಳು. ವಾಸನೆಯಿಲ್ಲದ ಆ ಅಡುಗೆಮನೆಯಲ್ಲಿ ಕೂತಾಗ, ನಾನು ಆಸ್ಪತ್ರೆಯಿಂದ ಇನ್ನೂ ಬಂದೇ ಇಲ್ಲವೇನೋ ಅನ್ನಿಸುತ್ತಿತ್ತು.

ಇಂಥ ಹೊತ್ತಿನಲ್ಲಿ, ನುಂಗುವುದನ್ನು ಕಲಿಸುವ ಝುಲೈದೆಯವರು ಬೆಳಕು ಕಣ್ಣಿಗೆ ಬೀಳದಂತೆ ನನಗೆ ಕಪ್ಪು ಕನ್ನಡಕ ತೊಡಿಸಿ, ದೀಪದವರಾದ ತಮ್ಮನ್ನು ನನ್ನ ಕುತ್ತಿಗೆಗೆ ಒತ್ತಿದರು. ಬಿಸಿಯಿಲ್ಲ, ನೋವಿಲ್ಲ, ಸದ್ದಿಲ್ಲ. ಇಷ್ಟು ಕಡಿಮೆ ಕೆಲಸ ಮಾಡಿ ಇಷ್ಟು ಗೌರವ ಪಡೆಯುವವರನ್ನು ನಾನು ಬಂದರಿನ ಸುಂಕದ ಕಚೇರಿಯಲ್ಲಿ ಮಾತ್ರ ಕಂಡಿದ್ದೆ. ನಾಲಿಗೆ, ಗಂಟಲುಗಳಿಗೆ ದಿನವೂ ಕಸರತ್ತು ಮಾಡಿಸಿದವರು ಝುಲೈದೆ, ಬೆವರಿದವನು ನಾನು. ಊರೆಲ್ಲ ಹೊಗಳಿದ್ದು ಮಾತ್ರ ತಮ್ಮನ್ನು.

ಕೊನೆಗೆ ಮಂದ ಮಾಡುವ ಪುಡಿಯಿಲ್ಲದ ಗುಟುಕಿಗೆ ಅನುಮತಿ ಸಿಕ್ಕಿದ ದಿನ ಇರಾಸೆಮಾ ಕಾಫಿಯ ಫ್ಲಾಸ್ಕ್ ಹಿಡಿದು ಚಿಕಿತ್ಸೆಯ ಕೋಣೆಗೇ ಬಂದಳು. ಕಲಿಸಿದಂತೆ ಗದ್ದ ತಗ್ಗಿಸಿ ಒಂದಿಷ್ಟು ಬಾಯಿಗಿಟ್ಟೆ. ಝುಲೈದೆ ನನ್ನ ಗಂಟಲನ್ನೇ ನೋಡುತ್ತಿದ್ದರು, ಇರಾಸೆಮಾ ಮುಖವನ್ನು.

“ಏನು, ಉಗುಳೋಕೆ ಬಟ್ಟಲು ಬೇಕಾ?” ಎಂದಳು.

ನುಂಗಿದೆ. ಕೆಮ್ಮು ಬರಲಿಲ್ಲ. ನನ್ನ ದೂರು ಇಷ್ಟೇ: ಅದು ಕಾಫಿಯಲ್ಲ, ಬಣ್ಣ ಬಳಿದ ಸಕ್ಕರೆ ಪಾಕ. ಕಂಪನಿಯ ಮೇಜಿಗೆ ಬಂದಿದ್ದರೆ ಇಡೀ ಹಡಗನ್ನೇ ವಾಪಸ್ ಕಳಿಸುತ್ತಿದ್ದೆ. ಚೆನ್ನಾಗಿದೆ ಎಂದೆ. ಈಗ ಮನೆಯೆಲ್ಲ ಅದೇ ವಾಸನೆ, ಬೆಳಗಿನಿಂದ.

ತಮ್ಮ ಬೆಳಕು ನುಂಗಿದ ವಿಶ್ವಾಸಿ,
ಒಟಾಸಿಲಿಯೊ

ತಾ.ಕ.: ಗಂಟಲನ್ನು ಎಬ್ಬಿಸಿದ ತಮಗೆ ನಾಲಿಗೆಯನ್ನು ಒಂದಿಷ್ಟು ಮಲಗಿಸಲಾದೀತೇ? ಉತ್ತರವನ್ನು ದಯವಿಟ್ಟು ಕಚೇರಿಯ ವಿಳಾಸಕ್ಕೆ ಕಳಿಸಿ. ಮನೆಯಲ್ಲಿ ಅವಳು ಎರಡನೇ ಲೋಟ ಸುರಿಯುತ್ತಿದ್ದಾಳೆ.